ಹಣಮಮ್ಮನ ಕಿರುಬೆರಳು

ಬೆಳಗಿನ ಐದೂವರೆ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಒಂದು ಯಂತ್ರವೂ ಸದ್ದು ಮಾಡಿಲ್ಲ. ಬಷೀರುನ್ನೀಸಾ ಅವರ ಗುಜರಿ ಗೋದಾಮಿನ ಶೆಟರ್ ಅರ್ಧ ಮಾತ್ರ ಮೇಲೇರಿದೆ. ಒಳಗೆ ಬಲ್ಬಿನ ಕೆಳಗೆ, ಮಡಚಿದ ಗೋಣಿಚೀಲದ ಮೇಲೆ ಕುಳಿತ ಹಣಮಮ್ಮ ಬಲಗೈ ಕಿರುಬೆರಳಿನ ಪಟ್ಟಿ ಬಿಚ್ಚುತ್ತಿದ್ದಾರೆ. ರೊಟ್ಟಿ ಬೇಯಿಸುವಾಗ ಹಂಚು ತಗುಲಿ ಸುಟ್ಟ ಬೆರಳು. ಗಾಯ ಈಗ ಮಾಗಿದೆ, ಉಗುರು ಮಾತ್ರ ಹಾಗೇ ಉದ್ದಕ್ಕಿದೆ. ಉಳಿದ ಒಂಬತ್ತನ್ನೂ ಬುಡಮಟ್ಟ ಕತ್ತರಿಸುವ ಹಣಮಮ್ಮ ಇದೊಂದನ್ನು ಬೇಕಂತಲೇ ಬಿಡುತ್ತಾರೆ. ಸಿಂಗಾರಕ್ಕಂತೂ ಅಲ್ಲ.

ಅವರ ಮುಂದೆ ಹಳೆಯ ಕಾರುಗಳಿಂದ ಬಿಚ್ಚಿ ತಂದ ನಾಲ್ಕು ಬ್ರೇಕ್ ಸಿಲಿಂಡರುಗಳಿವೆ. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟು. ಚಾಲಕ ಬ್ರೇಕ್ ತುಳಿದಾಗ ಎಣ್ಣೆ ಗಾಲಿಯೊಳಗಿನ ಈ ಕೊಳವೆಗೆ ನುಗ್ಗುತ್ತದೆ, ಅಲ್ಲಿನ ರಬ್ಬರು ವಾಷರನ್ನು ತಳ್ಳುತ್ತದೆ, ಗಾಲಿ ನಿಲ್ಲುತ್ತದೆ. ಒಳಗೋಡೆಯಲ್ಲಿ ಸಾಸಿವೆಯಷ್ಟು ತುಕ್ಕಿನ ಕುಳಿ ಇದ್ದರೂ ಸಾಕು, ರಬ್ಬರು ಹರಿದು ಎಣ್ಣೆ ಸೋರುತ್ತದೆ. ಹಳೆಯ ಕಾರುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಎಣ್ಣೆಯ ದಾರಿ. ಒಂದು ಸೋರಿದರೆ ನಾಲ್ಕೂ ಕೈಕೊಡುತ್ತವೆ. ಕಣ್ಣಿಗೆ ಕಾಣದ ಆ ಕುಳಿ ಹಣಮಮ್ಮನ ಉಗುರಿಗೆ ಸಿಗುತ್ತದೆ.

ಮೊದಲನೆಯದು ನುಣ್ಣಗಿದೆ. ಎರಡನೆಯದೂ ಅಷ್ಟೆ. ಮೂರನೆಯದರೊಳಗೆ ಬೆರಳು ತಿರುಗುತ್ತಾ ಹೋಗಿ ಒಂದು ಕಡೆ ತಡೆಯುತ್ತದೆ. ಇನ್ನೊಮ್ಮೆ ಆಡಿಸುತ್ತಾರೆ, ಅದೇ ಜಾಗದಲ್ಲಿ ಮತ್ತೆ ತಡೆ. ಇದು ಹನ್ನೊಂದು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಕಾರಿನಿಂದ ಬಿಚ್ಚಿದ ಜೋಡಿಯಲ್ಲೊಂದು. ಇದರ ಜೊತೆಗಾರ ಮೂರು ದಿನದ ಹಿಂದೆ ಕಮಲಾಪುರಕ್ಕೆ ಹೋಗಿ ಒಂದು ಅಂಬಾಸಿಡರಿನ ಮುಂದಿನ ಗಾಲಿ ಸೇರಿದೆ. ಅವತ್ತು ಈ ಬೆರಳಿಗೆ ಪಟ್ಟಿ ಇತ್ತು. ಉಗುರಿಲ್ಲದ ಎಡಗೈ ಬೆರಳಿನಿಂದ ಸವರಿ ನೋಡಿ, ನುಣ್ಣಗದ ಎಂದು ಕೊಟ್ಟು ಕಳಿಸಿದ್ದರು.

“ಬೆರಳ್ ವಾಸಿ ಆಗ್ಲಿ, ಆಮ್ಯಾಲ ಬರ್ರಿ ಅಂತ ಒಂದ್ ಮಾತ್ ಅನ್ನಬೇಕಿತ್ತು ನೋಡ್ರಿ,” ಎನ್ನುತ್ತಾರೆ ಹಣಮಮ್ಮ. “ಮಾಸ್ತರ್ ಅವಸರ ಮಾಡಿದ್ರು ಖರೇ. ಆದ್ರ ಕೊಟ್ಟ ಕೈ ನಂದೇ ಅಲ್ಲೇನ್ರಿ?”

ಆ ಮಾಸ್ತರರು ವಿವೇಕಾನಂದ, ಕಮಲಾಪುರದ ಶಾಲಾ ಶಿಕ್ಷಕರು. 1972ರ ಅಂಬಾಸಿಡರು ಅವರ ತಂದೆಯದು. ಅವರನ್ನೂ ತಂಗಿಯನ್ನೂ ಹುಟ್ಟಿದ ಮೇಲೆ ಮನೆಗೆ ತಂದದ್ದು ಅದೇ ಕಾರಿನಲ್ಲಿ. ಈಗ ಕೋಟನೂರಿನಲ್ಲಿ ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯ, ಅದಕ್ಕೂ ಅದೇ ಕಾರಿನಲ್ಲಿ ಹೋಗಬೇಕೆಂಬ ಹಟ. ಬ್ರೇಕ್ ಸಾಮಾನಿಗಾಗಿ ಕಲಬುರಗಿಯ ಅಂಗಡಿಗಳನ್ನೆಲ್ಲ ಸುತ್ತಿದರು. ಕೆಲವರು ಆ ಮಾಡಲ್ಲೇ ಬಂದ್ ಆಗಿದೆ ಎಂದರು. ಕೆಲವರು ಕೊಟ್ಟ ಹೊಸದು ಅಳತೆಗೆ ಕೂಡಲಿಲ್ಲ. ಕೊನೆಗೆ ಯಾರೋ ಹಣಮಮ್ಮನ ಹೆಸರು ಹೇಳಿದರು. ಕಾರ್ಯ ಇವತ್ತೇ ಇದೆ. ಏಳು ಜನ, ಎಂಟು ಗಂಟೆಗೆ ಹೊರಡುವವರು.

ಹಣಮಮ್ಮ ಫೋನ್ ಮಾಡುತ್ತಾರೆ. ಗಂಟೆ ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆರಡು ಸಲವೂ ಅದೇ ಕತೆ. ಕಾರ್ಯದ ಮನೆಯಲ್ಲಿ ಫೋನು ಯಾವ ಬಟ್ಟೆಗಂಟಿನ ಕೆಳಗೆ ಬಿದ್ದಿದೆಯೋ! ಚಹಾ ತಂದ ಬಷೀರುನ್ನೀಸಾ ಹಣಮಮ್ಮನ ಮುಖ ನೋಡಿಯೇ ವಿಷಯ ತಿಳಿದುಕೊಳ್ಳುತ್ತಾರೆ. “ಫೋನ್ ಛೋಡ್, ಹಣಮಾ. ಮೊದಲ್ ಬಸ್ ಹಿಡಿ. ಗೋದಾಮ್ ನಾ ನೋಡ್ಕೋತೀನಿ.”

ನಾಲ್ಕನೆಯ ಸಿಲಿಂಡರಿನ ಅಳತೆಯೂ ಅದೇ. ಹಣಮಮ್ಮ ಅದರೊಳಗೆ ಉಗುರನ್ನು ಮೂರು ಸಲ ಆಡಿಸಿ, ನಟ್ಟು ಬಿಚ್ಚುವ ಪಾನೆಗಳು, ಹೊಸ ವಾಷರು, ಬ್ರೇಕ್ ಎಣ್ಣೆಯ ಡಬ್ಬಿಯ ಜೊತೆ ಕೈಚೀಲಕ್ಕೆ ಹಾಕುತ್ತಾರೆ. ಬಸ್ಸು ಸಿಕ್ಕಾಗ ಆರೂ ಮುಕ್ಕಾಲು. ಬಲಗಡೆಯ ಕಿಟಕಿಯ ಸೀಟನ್ನೇ ಕೇಳಿ ಹಿಡಿಯುತ್ತಾರೆ. ಮಾಸ್ತರರು ಹೊತ್ತಿಗೆ ಮುಂಚೆ ಹೊರಟುಬಿಟ್ಟಿದ್ದರೆ ಇದೇ ರಸ್ತೆಯಲ್ಲಿ ಎದುರಿಗೆ ಬರಬೇಕು. ಬಂದರೆ ಬಸ್ಸಿನಲ್ಲಿ ಕುಳಿತು ಏನು ಮಾಡುತ್ತೀರಿ ಎಂದರೆ ಅದು ಅವರಿಗೂ ಗೊತ್ತಿಲ್ಲ.

ಐವತ್ತೆರಡರ ಹಣಮಮ್ಮ ಈ ಗೋದಾಮಿಗೆ ಬಂದದ್ದು ಹದಿನೆಂಟು ವರ್ಷದ ಹಿಂದೆ, ಕಬ್ಬಿಣ ಬೇರೆ ತಗಡು ಬೇರೆ ಮಾಡುವ ಕೂಲಿಗೆ. ಒಂದು ದಿನ ಗ್ಯಾರೇಜಿನ ಒಬ್ಬ ಮೇಸ್ತ್ರಿ ಇಲ್ಲಿಂದ ಒಯ್ದ ಸಿಲಿಂಡರನ್ನು ತಂದು ಇವರ ಕಾಲ ಬಳಿ ಎಸೆದ. ಏನಾಗಿದೆ ಎಂದು ಕೇಳಿದ್ದಕ್ಕೆ ನಕ್ಕ. ಹಣಮಮ್ಮ ಸುಮ್ಮನಾಗಲಿಲ್ಲ, ಅವನ ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೆನ್ನು ಬಿದ್ದರು. ಕೊನೆಗೆ ಪೀಡೆ ತೊಲಗಲಿ ಎಂದು ಆತ ಒಳಗೆ ಬೆರಳು ಹಾಕಿಸಿ ಕುಳಿ ತೋರಿಸಿದ. ಅಂದಿನಿಂದ ಆ ಉಗುರನ್ನು ಬುಡಮಟ್ಟ ಕತ್ತರಿಸಿಲ್ಲ. ಹೆಂಗಸು ಬ್ರೇಕ್ ನೋಡುತ್ತಾಳಂತೆ ಎಂದು ಆಡಿಕೊಂಡ ಗ್ಯಾರೇಜುಗಳೇ ಈಗ ಗಿರಾಕಿಗಳನ್ನು ಇವರ ಹತ್ತಿರ ಕಳಿಸುತ್ತವೆ. ತಿಂಗಳಿಗೆ ಅರವತ್ತು ಸಿಲಿಂಡರು ಕೈಗೆ ಬಂದರೆ ಪಾಸಾಗುವುದು ಹತ್ತೋ ಹನ್ನೆರಡೋ. ಯಾವ ಊರಿನ ಯಾವ ಹಿತ್ತಲಲ್ಲಿ ಯಾವ ಕಾಲದ ಕಾರು ನಿಂತಿದೆ ಎಂಬುದು ಇವರಿಗೆ ಬಾಯಿಪಾಠ. ಅಂಥವು ನೂರಕ್ಕೆ ಕಡಿಮೆಯಿಲ್ಲ.

ಈ ವಿದ್ಯೆಯ ಜೊತೆ ಒಂದು ಕಾಟವೂ ಅಂಟಿಕೊಂಡಿದೆ. ಯಾವ ಗಾಡಿ ಹತ್ತಿದರೂ ಹಣಮಮ್ಮನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. “ಡ್ರೈವರ್ ಬ್ರೇಕ್ ಹಾಕೋಕಿಂತ ಮೊದಲ ನಾ ಹಾಕ್ತೀನ್ರಿ,” ಎಂದು ನಗುತ್ತಾರೆ. “ಎಲ್ಲಾರೂ ಬಸ್‌ನ್ಯಾಗ ಹ್ಯಾಂಗ ಗೊರಕಿ ಹೊಡೀತಾರ! ಒಮ್ಮೆರೆ ನಾನೂ ಗಾಡ್ಯಾಗ ಕುಂತು ಕಣ್ ಮುಚ್ಚಬೇಕಂತ ಆಸಿ ಅದ. ಆಗವಲ್ದು.”

ಇವತ್ತಂತೂ ರೆಪ್ಪೆ ಬಡಿಯಲೂ ಭಯ. ಅರ್ಧ ದಾರಿಯಲ್ಲಿ ದೂರದ ಇಳಿಜಾರಿನಲ್ಲಿ ಬಿಳಿಯ, ದುಂಡುಬೆನ್ನಿನ ಕಾರೊಂದು ಕಾಣುತ್ತದೆ. ಹಣಮಮ್ಮ ಕಿಟಕಿಯಿಂದ ಕೈ ಹೊರಹಾಕಿ ಬೀಸುತ್ತಾರೆ, ಕಂಡಕ್ಟರ್ ಬೈಯುತ್ತಾನೆ. ಹತ್ತಿರ ಬಂದರೆ ಅದು ಬೇರೆ ಯಾವುದೋ ಕಾರು.

ಕಮಲಾಪುರದಲ್ಲಿ ಇಳಿದು, ಕೆಂಪು ಬಾಳೆಗೊನೆಗಳ ಬಂಡಿಗಳ ನಡುವೆ ನುಸುಳಿ ಮಾಸ್ತರರ ಓಣಿ ಮುಟ್ಟಿದಾಗ ಎಂಟಕ್ಕೆ ಐದು ನಿಮಿಷ. ಕಾರಿನ ಎಂಜಿನ್ ಶುರುವಾಗಿದೆ. ಹಿಂದೆ ಹೆಂಗಸರು ಮಕ್ಕಳು ಒತ್ತೊತ್ತಾಗಿ ಕುಳಿತಿದ್ದಾರೆ. ಮುಂದೆ ಮಾಸ್ತರರ ತಾಯಿ, ಎಂಬತ್ತು ಸಮೀಪಿಸಿದ ಅಂಬಮ್ಮ, ಕೂಸಿನ ಕುಲಾವಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಹಣಮಮ್ಮ ಹೋಗಿ ಬಾನೆಟ್ಟಿನ ಮುಂದೆಯೇ ನಿಲ್ಲುತ್ತಾರೆ.

“ಮಾಸ್ತರ್, ಬಂದ್ ಮಾಡ್ರಿ. ನಾ ಕೊಟ್ಟಿದ್ದು ಸರಿ ಇಲ್ಲಂತ ಅನ್ಸಲಾಕತ್ತದ.”

“ಏನ್ ಹಣಮಕ್ಕಾ, ಇಂಥ ಹೊತ್ತಿನ್ಯಾಗ! ಎರಡ್ ದಿನದಿಂದ ಓಡಿಸ್ಲಾಕತ್ತೀನಿ, ಬ್ರೇಕ್ ಭಾಳ ಛಲೋ ಅದ.”

“ಒಮ್ಮೆ ತುಳಿದು ಹಿಡೀರಿ. ನಾ ಸಾಕು ಅನ್ನೋತನ ಕಾಲ್ ಎತ್ತಬ್ಯಾಡ್ರಿ.”

ಮಾಸ್ತರರು ತುಳಿಯುತ್ತಾರೆ. ಸೋರಿಕೆ ಇದ್ದರೆ ಪೆಡಲು ಮೆಲ್ಲಗೆ ಕೆಳಗಿಳಿಯಬೇಕು. ಹಣಮಮ್ಮ ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕುಳಿತು ಪೆಡಲನ್ನೇ ದಿಟ್ಟಿಸುತ್ತಾರೆ. ಅರ್ಧ ನಿಮಿಷ, ಒಂದು ನಿಮಿಷ, ಎರಡು. ಪೆಡಲು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. “ನೋಡಿದ್ರಿ? ಕಲ್ಲಿನಂಗ ಅದ,” ಎನ್ನುತ್ತಾರೆ ಮಾಸ್ತರರು, ಗೇರಿನ ಮೇಲೆ ಕೈ ಇಟ್ಟು.

ಇಲ್ಲಿಗೆ ಹಣಮಮ್ಮ ಸೆರಗು ಕೊಡವಿ ಬಸ್ಸು ಹತ್ತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಗಿದೆ. ಆದರೂ ಬಾಯಿಂದ ಬಂದದ್ದು ಬೇರೆ. “ಗಾಲಿ ಬಿಚ್ಚಬೇಕ್ರಿ.”

ಮಾಸ್ತರರು ಕೈಗಡಿಯಾರ ನೋಡುತ್ತಾರೆ, ಅವರ ಮುಖ ಬಿಗಿಯುತ್ತದೆ. ಅಷ್ಟರಲ್ಲಿ ಅಂಬಮ್ಮ ತಮ್ಮ ಕಡೆಯ ಬಾಗಿಲು ತೆರೆದು ಕಾಲು ಕೆಳಗಿಡುತ್ತಾರೆ. “ಆಕಿ ಅಲ್ಲಿಂದ ಇಲ್ಲಿತನ ಓಡಿ ಬಂದಾಳ. ನನಗ ಕಾರಿನಿಂದ ಕೆಳಗ ಇಳೀಲಾಕ ಆಗಲ್ಲೇನು? ಇಳೀರಿ ಎಲ್ಲಾರೂ!”

ಜಾಕ್ ಏರುತ್ತದೆ, ಗಾಲಿ ಇಳಿಯುತ್ತದೆ, ಡ್ರಮ್ ಕಳಚುತ್ತದೆ. ಹಣಮಮ್ಮ ಸಿಲಿಂಡರಿನ ರಬ್ಬರು ಟೊಪ್ಪಿಯನ್ನು ಸರಿಸಿ ಕಿರುಬೆರಳಿನಿಂದ ಒರೆಸುತ್ತಾರೆ. ಬೆರಳು ಒದ್ದೆ. ಒಂದೇ ಒಂದು ಹನಿ ಎಣ್ಣೆ ಉಗುರಿನ ತುದಿಗೆ ಬಂದು ನಿಲ್ಲುತ್ತದೆ.

“ಇಷ್ಟೇನಾ?” ಮಾಸ್ತರರ ದನಿ ಸಣ್ಣದಾಗಿದೆ.

“ಈಗ ಇಷ್ಟ. ಏಳ್ ಮಂದಿ ಕುಂತು ಕೋಟನೂರಿಗೆ ಹೋಗಿ ಹೊಳ್ಳಿ ಬರೋತನ ಎಷ್ಟಾಗ್ತಿತ್ತು, ನನಗ ಗೊತ್ತಿಲ್ರಿ.”

ಮುಂದಿನ ಒಂದು ತಾಸು ಯಾರೂ ಹೊತ್ತು ನೋಡುವುದಿಲ್ಲ. ಹಣಮಮ್ಮ ಮಣ್ಣಿನಲ್ಲಿ ಕುಳಿತು ಹೊಸ ಜೋಡಣೆ ಮಾಡುತ್ತಾರೆ. ಅವರು ತುಳಿ ಎಂದಾಗ ಮಾಸ್ತರರು ತುಳಿದು, ಬಿಡು ಎಂದಾಗ ಬಿಟ್ಟು, ಕೊಳವೆಯ ಗಾಳಿಯೆಲ್ಲ ಹೊರಹೋಗುವ ತನಕ ಶಾಲೆಯ ಹುಡುಗನಂತೆ ಹೇಳಿದ್ದು ಕೇಳುತ್ತಾರೆ. ಓಣಿಯ ತುದಿಯವರೆಗೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಪರೀಕ್ಷೆ ನಡೆಯುತ್ತದೆ. ಹಣಮಮ್ಮ ಬಸ್‌ಸ್ಟ್ಯಾಂಡಿನತ್ತ ಹೊರಟರೆ ಅಂಬಮ್ಮ ಬಿಡಬೇಕಲ್ಲ! ಕಪನೂರ ದಾರಿಯಲ್ಲೇ ಇದೆ, ಇಳಿಸಿ ಹೋಗುತ್ತೇವೆ ಎಂದು ಹಿಂದಿನ ಸೀಟಿಗೆ ಎಂಟನೆಯವರಾಗಿ ತುರುಕಿಬಿಡುತ್ತಾರೆ.

ಮೊದಲ ತಿರುವಿನಲ್ಲಿ ಹಣಮಮ್ಮನ ಬಲಗಾಲು ನೆಲ ಒತ್ತುತ್ತದೆ. ಎರಡನೆಯ ತಿರುವಿನಲ್ಲೂ ಒತ್ತುತ್ತದೆ. ಇಳಿಜಾರಿನಲ್ಲಿ ಅಡ್ಡ ಬಂದ ಕುರಿಹಿಂಡಿಗೆ ಕಾರು ಮೆತ್ತಗೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಅಲ್ಲಿಂದ ಮುಂದಿನದು ಹಣಮಮ್ಮನಿಗೆ ನೆನಪಿಲ್ಲ.

“ಕಪನೂರ ಬಂದಾಗ ಅಮ್ಮಾರು ಎಬ್ಬಿಸಬ್ಯಾಡ್ರಿ ಅಂದ್ರಂತ,” ಎಂದು ಗೋದಾಮಿನಲ್ಲಿ ಹೇಳುವಾಗ ಹಣಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಎದುರಿಗೆ ಬಷೀರುನ್ನೀಸಾ ಕೂಡ ನಗುತ್ತಿದ್ದಾರೆ. “ಕಣ್ ತೆರೆದು ನೋಡ್ತೀನಿ, ಕೋಟನೂರ! ಕೂಸಿನ ತೊಟ್ಟಿಲ ಮುಂದ ನಿಂತೀನಿ. ಅಷ್ಟ್ ದೂರ ಹೋಗೂತನ ಮಾಸ್ತರ್ ಎಷ್ಟ್ ಸಲ ಬ್ರೇಕ್ ಹಾಕಿದ್ರೋ ಏನೋ, ನನಗಂತೂ ಗೊತ್ತೇ ಆಗಿಲ್ರಿ.”