ಜನರಲ್‌ನ ಅಂಗಳದಲ್ಲಿ ಅಮ್ಮನ ಬಳೆ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ನಾನಾಗ ಜರ್ಮನಿಯ ಕೋಲ್ನ್ ನಗರದ ಒಂದು ಸ್ಟುಡಿಯೊದಲ್ಲಿ ಗೆರೊಯ್ಶೆಮಾಖರ್ ಆಗಿದ್ದೆ. ಅಂದರೆ ಬಾನುಲಿ ನಾಟಕಗಳಿಗೆ ಬೇಕಾದ ಸದ್ದುಗಳನ್ನು ಕೈಯಾರೆ ಮಾಡಿಕೊಡುವವನು. ಈ ದೇಶದಲ್ಲಿ ಇಂಥ ನಾಟಕಗಳನ್ನು ಜನ ಇಂದಿಗೂ ಆಸೆಯಿಂದ ಕೇಳುತ್ತಾರೆ. ಕಾರು ಓಡಿಸುತ್ತಾ ಕೇಳುತ್ತಾರೆ, ಇಸ್ತ್ರಿ ಹಾಕುತ್ತಾ ಕೇಳುತ್ತಾರೆ. ಇಲ್ಲಿನ ಆಖೆನ್ ಊರಿಗೆ ಧ್ವನಿವಿಜ್ಞಾನ ಓದಲು ಬಂದ ಉಡುಪಿಯ ಹುಡುಗ ಕೊನೆಗೆ ಕುದುರೆಯಾದ ಅಂತ ನನ್ನ ಹೆಂಡತಿ ಸುಮಾ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ.

ಅವಳು ಹೇಳುವುದು ಸುಳ್ಳಲ್ಲ. ಆಗ ನಾವು ಮಾಡುತ್ತಿದ್ದದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ಕಾಲ್ಪನಿಕ ಜನರಲ್‌ನ ಕಥೆ. ಲೆಫ್ಟಿನೆಂಟ್ ಆಗಿ ಸೇನೆ ಸೇರಿದವನು ಯುದ್ಧದಿಂದ ಯುದ್ಧಕ್ಕೆ ಮೇಲೇರಿ, ಎದೆ ತುಂಬ ಪದಕ ಹೊತ್ತು, ಮುದುಕನಾಗಿ ಸಾಯುವವರೆಗಿನ ಧಾರಾವಾಹಿ. ಅವನ ಅಷ್ಟೂ ಅಶ್ವದಳ ಏಷ್ಯಾ ಶಾಪ್‌ನಿಂದ ತಂದ ಒಂದು ತೆಂಗಿನಕಾಯಿಯ ಎರಡು ಗೆರಟೆಗಳಲ್ಲಿತ್ತು. ಕಲ್ಲುಹಾಸಿನ ಮೇಲೆ ಕುಟ್ಟಿದರೆ ಪೆರೇಡು, ಮರಳಿನ ಡಬ್ಬದಲ್ಲಿ ಕುಟ್ಟಿದರೆ ಯುದ್ಧಭೂಮಿ. ಮೆಕ್ಕೆಜೋಳದ ಹಿಟ್ಟು ತುಂಬಿದ ಚರ್ಮದ ಚೀಲ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ. ಒಂದು ಹಳೆಯ ಬ್ಯಾಗನ್ನು ಹಿಂಡಿದರೆ ಜೀನಿನ ಕಿರುಗುಟ್ಟುವಿಕೆ. ಸಂಬಳ ಕೊಟ್ಟು ಮಕ್ಕಳಾಟ ಆಡಿಸುವ ಕೆಲಸ ಅಂತ ಯಾರಾದರೂ ಅಂದರೆ ನನಗೆ ಕೋಪ ಬರುತ್ತಿತ್ತು, ಆದರೆ ಅದೂ ಸುಳ್ಳಲ್ಲ.

ಜನರಲ್‌ಗೆ ದನಿ ಕೊಟ್ಟವರು ಓಟೋ ಎಂಬ ಹಿರಿಯ ನಟರು. ಗುಡುಗಿನಂಥ ಗಂಟಲು. ಸ್ಟುಡಿಯೊಗೆ ಕಾಲಿಟ್ಟ ಕೂಡಲೇ "ನನ್ನ ಕುದುರೆ ಬಂದಿದೆಯಾ?" ಅಂತ ಕೇಳುವರು. ನಾನು ಗೆರಟೆ ಕುಟ್ಟಿ ಉತ್ತರ ಕೊಡುತ್ತಿದ್ದೆ. ಕಥೆ ಅಂತ್ಯಕ್ಕೆ ಬಂದಾಗ ಆ ಗಂಟಲಲ್ಲೇ ಗೆಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ಸೋಮವಾರ ಆಪರೇಷನ್, ಅದಕ್ಕೆ ಮುಂಚಿನ ಶುಕ್ರವಾರ ನಮ್ಮ ಕೊನೆಯ ರೆಕಾರ್ಡಿಂಗ್. ಆಮೇಲೆ ಓಟೋ ಯಾವತ್ತೂ ಮಾತಾಡುವಂತಿರಲಿಲ್ಲ.

ಉಳಿದಿದ್ದದ್ದು ಒಂದೇ ಸಾಲು. ಸಾಯುವ ಹೊತ್ತಿಗೆ ಜನರಲ್‌ಗೆ ತಾನು ಮೊದಲ ರಜೆಯಲ್ಲಿ ಮನೆಗೆ ಬಂದ ದಿನ ಕಾಣುತ್ತದೆ. ಕುದುರೆಯಿಂದ ಇಳಿದು ಅಂಗಳ ದಾಟಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಾನೇ" ಅನ್ನಬೇಕು. ಅಷ್ಟೇ.

ಓಟೋ ಅಂದರು. ಅಪ್ಪಣೆ ಕೊಟ್ಟಂತೆ ಕೇಳಿಸಿತು. ಮತ್ತೆ ಅಂದರು. ಈ ಸಲ ಅಳು ಜಾಸ್ತಿಯಾಯಿತು. ಮತ್ತೆ ಮತ್ತೆ ಅಂದಂತೆ ಗಂಟಲು ಒಡೆಯತೊಡಗಿತು. ನಿರ್ದೇಶಕಿ ಗಾಜಿನ ಆಚೆಯಿಂದ ಮೆಲ್ಲಗೆ, "ಇಲ್ಲಿಗೆ ಸಾಕು ಓಟೋ. ಈ ಒಂದು ಸಾಲನ್ನು ಬೇರೆ ಯಾರಿಂದಲಾದರೂ ಹೇಳಿಸೋಣ" ಅಂದರು.

"ಜನರಲ್‌ನ ಇಡೀ ಆಯುಷ್ಯ ನಾನು ಹೊತ್ತಿದ್ದೇನೆ. ಅವನ ಅಮ್ಮನನ್ನು ಮಾತ್ರ ಇನ್ನೊಬ್ಬ ಕರೆಯಬೇಕೇ?" ಅಂದರು ಓಟೋ. ಆಗ ಅವರ ದನಿಯಲ್ಲಿ ನಟನೆ ಇರಲಿಲ್ಲ.

ನಮ್ಮಲ್ಲಿ ನಟರು ಸದ್ದಿಲ್ಲದ ಕೋಣೆಯಲ್ಲಿ ಮಾತಾಡುತ್ತಾರೆ, ಸದ್ದನ್ನು ಆಮೇಲೆ ಸೇರಿಸುತ್ತೇವೆ. ಆ ದಿನ ನಾನು ಕೇಳಿಕೊಂಡೆ, ಸದ್ದನ್ನು ಮೊದಲೇ ಅವರ ಹೆಡ್‌ಫೋನಿಗೆ ಕೊಡುತ್ತೇನೆ ಅಂತ. "ನಿಮ್ಮ ಮನೆಯಲ್ಲಿ ಬಾಗಿಲಿಗೆ ಬಂದಾಗ ಏನು ಕೇಳಿಸುತ್ತಿತ್ತು?" ಅಂದೆ. ಅಮ್ಮ ತೊಡೆಯ ನಡುವೆ ಇಟ್ಟುಕೊಂಡು ಕಾಫಿಬೀಜ ಬೀಸುತ್ತಿದ್ದ ಸದ್ದು ಅಂದರು. ಹಳೆಯ ಕೈಗಿರಣಿ ನಮ್ಮ ಕಪಾಟಿನಲ್ಲೇ ಇತ್ತು. ಒಂದಿಷ್ಟೂ ಕಲಬೆರಕೆಯಿಲ್ಲದಂತೆ, ಶುದ್ಧವಾಗಿ ಬೀಸಿ ಕೇಳಿಸಿದೆ.

ಓಟೋ ಕಣ್ಣು ಮುಚ್ಚಿ ಕೇಳಿದರು. "ತುಂಬ ಚೆನ್ನಾಗಿದೆ. ಆದರೆ ಗಿರಣಿ ಮಾತ್ರ ತಿರುಗುತ್ತಿದೆ, ತಿರುಗಿಸುವವರು ಯಾರೂ ಇಲ್ಲ" ಅಂದರು.

ಅಯ್ಯೋ ದೇವರೇ, ಇಷ್ಟು ವರ್ಷ ನಾನು ಕಲಿತದ್ದೇ ಅದು! ಮನುಷ್ಯರು ಇದ್ದಾರೆ ಅನ್ನುವುದು ಗೊತ್ತಾಗದ ಹಾಗೆ ಸದ್ದು ಹಿಡಿಯುವುದು. ವಾಚು ಬಿಚ್ಚು, ಉಸಿರು ಹಿಡಿ, ಬಟ್ಟೆ ಸರಸರ ಅನ್ನಬಾರದು. ಊರಿಗೆ ಹೋದರೂ ಈ ಚಾಳಿ ಬಿಡುತ್ತಿರಲಿಲ್ಲ. ಒಂದು ರಜೆಯಲ್ಲಿ ನಮ್ಮ ಅಡಿಗೆಮನೆಯ ಹೆರೆಮಣೆಯ ಮುಂದೆ ರೆಕಾರ್ಡರ್ ಇಟ್ಟಿದ್ದೆ. ಕಾಯಿ ತುರಿಯುವ ಸದ್ದು ಯಾವುದಕ್ಕಾದರೂ ಬಂದೀತು ಅಂತ. ಅಮ್ಮನಿಗೋ, ಮಗ ಎದುರಿಗಿದ್ದರೆ ಮಾತು ನಿಲ್ಲದು.

"ಅಮ್ಮಾ, ಹತ್ತು ನಿಮಿಷ ಸುಮ್ಮನೆ ಇರು ಮಾರಾಯ್ತಿ. ಬಳೆ ಸಹ ತೆಗೆದಿಡು" ಅಂದೆ.

"ಬಳೆ ತೆಗೀಲಿಕ್ಕೆ ಆಗುದಿಲ್ಲ. ಅಪ್ಪ ಗಟ್ಟಿಮುಟ್ಟಾಗಿ ಜಗಲಿಯಲ್ಲಿ ಕೂತಿದ್ದಾರೆ, ಎಂತ ಮಾತಾಡ್ತೀ ನೀನು? ಬೇಕಾದ್ರೆ ಹಿಡಿ, ಬೇಡದಿದ್ರೆ ಬಿಡು" ಅಂದಳು ಅಮ್ಮ.

ಆಮೇಲೆ ತುಟಿ ಬಿಗಿಹಿಡಿದು, ಬಳೆ ಸದ್ದಾಗದಂತೆ ಮೆತ್ತಗೆ ಮೆತ್ತಗೆ ತುರಿದಳು. ಅಷ್ಟು ಜಾಗ್ರತೆ ಮಾಡಿದರೂ ಗಾಜಿನ ಬಳೆ ಕಿಣಿಕಿಣಿ ಅಂದೇ ಅಂದಿತು. ನಮ್ಮ ವೃತ್ತಿಯ ಭಾಷೆಯಲ್ಲಿ ಅದು ಹಾಳಾದ ಟೇಕ್. ಮುಂದೆ ಅಮ್ಮ ಅಪ್ಪನಿಗಿಂತ ಮೊದಲೇ, ಆ ಬಳೆ ತೊಟ್ಟುಕೊಂಡೇ ತೀರಿಹೋದಳು. ಹಾಳಾದ ಟೇಕ್ ನನ್ನ ಫೋನಿನಲ್ಲಿ ಉಳಿಯಿತು. ಅವಳ ಮಾತೊಂದೂ ಅದರಲ್ಲಿಲ್ಲ. ಆದರೂ ಎಷ್ಟೋ ಸಲ ಬಸ್ಸಿನಲ್ಲಿ ಕೂತು ಅದನ್ನು ಹಾಕಿಕೊಂಡಿದ್ದೇನೆ, ಅಮ್ಮ ಬೇಕು ಅನ್ನಿಸಿದಾಗ.

ಆ ಶುಕ್ರವಾರ ಅದನ್ನೇ ಓಟೋರ ಹೆಡ್‌ಫೋನಿಗೆ ಕೊಟ್ಟೆ. ಅವರಿಗೆ ಕಿವಿ ಸ್ವಲ್ಪ ಮಂದ, ವಾಲ್ಯೂಮ್ ಜಾಸ್ತಿ ಮಾಡಿಕೊಂಡರು. ಬಹಳ ಹೊತ್ತು ಕೇಳಿದರು.

"ಯಾರೋ ಇದ್ದಾರೆ. ಯಾರು?"

"ನನ್ನ ಅಮ್ಮ. ತೆಂಗಿನಕಾಯಿ ತುರಿಯುತ್ತಿದ್ದಾರೆ."

"ಅವರು ಯಾಕೆ ಮಾತಾಡುವುದಿಲ್ಲ?"

"ಸುಮ್ಮನಿರು ಅಂತ ನಾನೇ ಹೇಳಿದ್ದೆ."

ಓಟೋ ನನ್ನನ್ನು ನೋಡಿದರು. ನಿರ್ದೇಶಕಿಗೆ ಕೈಸನ್ನೆ ಮಾಡಿ, ಮೈಕಿನ ಮುಂದೆ ಸ್ವಲ್ಪ ಬಾಗಿದರು. ತಗ್ಗು ಬಾಗಿಲಲ್ಲಿ ನಿಲ್ಲುವವರು ಬಾಗುವ ಹಾಗೆ.

"ಅಮ್ಮಾ, ನಾನೇ."

ಜರ್ಮನ್‌ನಲ್ಲೇ ಅಂದರು. ಆದರೆ ನಮ್ಮ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಕಳಚುತ್ತಾ ನಾನು ಕೂಗುತ್ತಿದ್ದದ್ದೂ ಹೀಗೆಯೇ. ಒಳಗೆ ಇದ್ದೇ ಇರುತ್ತಾಳೆ ಅನ್ನುವ ಧೈರ್ಯದಲ್ಲಿ. ಗಾಜಿನ ಆಚೆ ನಿರ್ದೇಶಕಿ ಮುಖ ತಿರುಗಿಸಿಕೊಂಡರು. ನಾನು ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನು.

ಆಮೇಲೆ ಟೇಕ್ ಪರೀಕ್ಷಿಸುವಾಗ ಒಂದು ದೋಷ ಸಿಕ್ಕಿತು. ಹೆಡ್‌ಫೋನಿನಿಂದ ಬಳೆಯ ಸದ್ದು ಮೈಕಿಗೆ ಸೋರಿತ್ತು. ಕಿವಿಗೊಟ್ಟರಷ್ಟೇ ಕೇಳುವಷ್ಟು ಸಣ್ಣಗೆ. ಅದನ್ನು ತೊಳೆದು ತೆಗೆಯುವುದು ನನ್ನದೇ ಕೆಲಸ.

"ತೆಗೆಯಬಹುದಲ್ಲ?" ಅಂದರು ನಿರ್ದೇಶಕಿ.

"ತೆಗೆಯಬಹುದು, ಆದರೆ ತೆಗೆಯುವುದಿಲ್ಲ" ಅಂದೆ. ಅವರು ಒತ್ತಾಯ ಮಾಡಲಿಲ್ಲ. ಆಮೇಲೆ ಸೇರಿಸಿದ ಕಾಫಿ ಗಿರಣಿಯ ಸದ್ದಿನ ಅಡಿಯಲ್ಲಿ ಅದು ಹಾಗೆಯೇ ಪ್ರಸಾರವಾಯಿತು. ಜನರಲ್‌ನ ಅಂಗಳದಲ್ಲಿ ಉಡುಪಿಯ ಬಳೆ ಯಾಕೆ ಅಂತ ಒಬ್ಬ ಕೇಳುಗನೂ ಕೇಳಲಿಲ್ಲ.

ಆಪರೇಷನ್ ಆದ ಮೇಲೆ ಓಟೋರನ್ನು ನೋಡಲು ಹೋದೆ. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಕಂಡು ಗೆಣ್ಣಿನಿಂದ ಮೇಜಿನ ಮೇಲೆ ಕುದುರೆ ಓಡಿಸಿದರು. ಆಮೇಲೆ ಮುಂಗೈಯನ್ನು ಕಿವಿಯ ಹತ್ತಿರ ಎತ್ತಿ ಮೆಲ್ಲಗೆ ಅಲುಗಿಸಿದರು. ಏನು ಬೇಕು ಅಂತ ನನಗೆ ಗೊತ್ತಾಯಿತು. ಫೋನನ್ನು ಇಬ್ಬರ ನಡುವೆ ಇಟ್ಟು, ಆ ಕಾಯಿ ಪೂರ್ತಿ ತುರಿದು ಮುಗಿಯುವವರೆಗೂ ಕೇಳಿದೆವು.

ಈಗ ನಿವೃತ್ತನಾಗಿದ್ದೇನೆ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಗೆರಟೆ ಹಿಡಿಯುವುದನ್ನೂ ಹಿಮ ಹಿಸುಕುವುದನ್ನೂ ಹೇಳಿಕೊಡುತ್ತೇನೆ. ವೃತ್ತಿ ನನಗೆ ಕಲಿಸಿದ ಪಾಠವನ್ನು ಕೊನೆಗೆ ಹೇಳುತ್ತೇನೆ: ಊರಿಗೆ ಹೋದಾಗ ರೆಕಾರ್ಡರ್ ಇಡಿ, ಆದರೆ ಅಮ್ಮನಿಗೆ ಸುಮ್ಮನಿರು ಅನ್ನಬೇಡಿ.