ಬಳಗವು ಮೆಚ್ಚಿದ ಸಾಕ್ಷ್ಯ

“ಅಣೆಕಟ್ಟಿನ ನೀರು ಏರುವ ಮುನ್ನ ಆ ಊರಿನವರು ಬಾಗಿಲಿಗೆ ತೋರಣ ಕಟ್ಟಿ, ನಗುನಗುತ್ತಲೇ ಹೊರಟರು.”

ಹೊಸಪೇಟೆಯ ನಮ್ಮ ಬರಹಗಾರರ ಬಳಗದ ವಾರ್ಷಿಕ ಸಂಚಿಕೆ ಇಂದು ಬೆಳಿಗ್ಗೆ ಕೈಸೇರಿತು. ಹೊಸ ಮಸಿಯ ವಾಸನೆಯೊಡನೆ ಈ ಹಳೆಯ ಮಾತೂ ಮೂಗಿಗೆ ಬಡಿಯಿತು. ಆ ಊರು ನನ್ನದು. ತೋರಣವನ್ನು ಯಾವುದಕ್ಕೆ ಕಟ್ಟಿದರು, ಹೇಳಿ? ಹೊಸ ಜಾಗದಲ್ಲಿ ಮನೆ ಕಟ್ಟಲು ಮರ ಬೇಕಿತ್ತು. ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಮೊದಲೇ ಕಿತ್ತು ಬಂಡಿಗೆ ಹೇರಿದ್ದರು. ಕೊನೆಯ ದಿನ ನಮ್ಮ ಮನೆಯಲ್ಲಿ ಬಾಗಿಲಿದ್ದ ಕಡೆ ಬರೀ ತೆರಪು. ಅಲ್ಲಿ ಕುಳಿತು ಅವ್ವ ಅಳುತ್ತಿದ್ದಳು.

ಇಷ್ಟನ್ನು ದಾಖಲಿಸಿ ಸಾಯಬೇಕೆಂಬ ಹಟದಿಂದಲೇ ನಾನು ಕಳೆದ ವರ್ಷ ಬಳಗ ಸೇರಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ನಾನು. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಪಕ್ಕ ಕುಳಿತು ಸಿಕ್ಕ ಪುಸ್ತಕಗಳನ್ನೆಲ್ಲ ಓದಿ, ಓದಿದ್ದರ ಜೊತೆಗೆಲ್ಲ ಜಗಳವಾಡುತ್ತ ಬೆಳೆದವನು. ಅಂಥವನನ್ನೂ ಅವರು ತವರಿಗೆ ಬಂದ ಮಗಳಂತೆ ಬರಮಾಡಿಕೊಂಡರು.

ಬಳಗಕ್ಕೊಂದು ಪದ್ಧತಿಯಿದೆ. ಒಬ್ಬರು ಓದಿದ ಮೇಲೆ ಉಳಿದವರು ಸರದಿಯಂತೆ ಒಂದೊಂದು ಒಳ್ಳೆಯ ಮಾತನ್ನು ಆಡಬೇಕು. ಕೊರತೆಯನ್ನು ಎತ್ತುವಂತಿಲ್ಲ. ಆಮೇಲೆ ಮಂಡಕ್ಕಿ, ಮಿರ್ಚಿ, ಚಹಾ.

ಊರು ಬಿಟ್ಟ ಆ ಕೊನೆಯ ದಿನದ ಬಗ್ಗೆ ಬರೆದದ್ದನ್ನು ನಾನು ಓದಿದೆ. “ಭಾಳ ಚೆಂದ ಐತ್ರಿ ಯಜಮಾನ್ರ, ಕಣ್ಣಾಗ ನೀರು ಬಂತು,” ಎಂದರು ಬಳಗದ ಹಿರಿಯರಾದ ಸರೋಜಮ್ಮ ಟೀಚರು. ಎಲ್ಲರೂ ಹಾಗೆಯೇ ಅಂದರು. ನನ್ನ ಬೆನ್ನಿಗೇ ಒಬ್ಬ ಗುತ್ತಿಗೆದಾರ ಕವಿ ಎದ್ದು ತೋರಣದ ಪದ್ಯ ಓದಿದ. ಅದಕ್ಕೂ ಅದೇ ಕಣ್ಣೀರು, ಅದೇ ಚಪ್ಪಾಳೆ. ನನ್ನ ಸರದಿ ಬಂದಾಗ ಹೇಳಿದೆ:

“ಇದು ನಡೆದಿಲ್ರಿ.”

ಎಲ್ಲರೂ ಅಕ್ಕರೆಯಿಂದ ನಕ್ಕರು. “ಒಂದ ಒಳ್ಳೇ ಮಾತು ಹೇಳಿಬಿಡ್ರಿ ಯಜಮಾನ್ರ, ಮಿರ್ಚಿ ಆರಾಕತ್ಯಾವ,” ಎಂದಿತು ಹಿಂದಿನ ಸಾಲು.

“ನಮ್ಮಿಬ್ರಾಗ ಒಬ್ರು ಸುಳ್ಳು ಹೇಳೀವಿ. ಯಾರಂತ ಹೇಳ್ರಿ!”

“ಸುಳ್ಳು ಯಾಕ್ರಿ?” ಎಂದರು ಸರೋಜಮ್ಮ. “ನಿಮ್ಮದು ನಿಮ್ಮಂಗ ಚೆಂದ, ಅವ್ರದು ಅವ್ರಂಗ ಚೆಂದ. ಕುಂದ್ರಿ, ಚಾ ಕುಡೀರಿ.”

ಆ ಕವಿಯೇ ನನ್ನ ತಟ್ಟೆಗೆ ಬಿಸಿ ಮಿರ್ಚಿ ಹಾಕಿದ. ಅಂಥವನ ಮೇಲೆ ಸಿಟ್ಟಾಗುವುದು ಹೇಗೆ? ತಿಂದೆ.

ಈ ಸಂಚಿಕೆಯಲ್ಲಿ ಅವನ ಮಾತನ್ನು ಮುನ್ನುಡಿಯಲ್ಲಿ ಊರಿನ ಚರಿತ್ರೆಯೆಂದು ಅಚ್ಚು ಹಾಕಿದ್ದಾರೆ. ನನ್ನ ಬರಹ ‘ಕಥೆಗಳು’ ವಿಭಾಗದಲ್ಲಿದೆ. ವರ್ಷದ ಉತ್ತಮ ಕಥೆಯೆಂಬ ಬಹುಮಾನವೂ ಅದಕ್ಕೇ. ನಡೆದದ್ದು ಕಥೆ ಹೇಗಾಯಿತೆಂದು ಫೋನು ಮಾಡಿ ಕೇಳಿದರೆ ಸರೋಜಮ್ಮ, “ಅಷ್ಟು ಮನಸ್ಸಿಗೆ ನಾಟೇತ್ರಿ!” ಎಂದು ಸಂಭ್ರಮಪಟ್ಟರು. ಸುಳ್ಳುಗಾರನೆಂದು ಬೈದಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಹೊಗಳಿಕೆಯ ಎದುರು ಯಾವ ಕೋರ್ಟಿಗೆ ಹೋಗಲಿ? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಊರಿನ ಅಡಿಪಾಯಗಳು ಮೇಲೇಳುತ್ತವೆ, ನಿಜ. ಯಾರು ಅತ್ತರೆಂದು ಕಲ್ಲು ಹೇಳುವುದಿಲ್ಲ. ಬಂಡಿಯಲ್ಲಿ ಜೊತೆಗಿದ್ದವರು ಕಂಪ್ಲಿಯಲ್ಲಿ, ಸಂಡೂರಿನಲ್ಲಿ ಒಬ್ಬೊಬ್ಬರಾಗಿ ತೀರಿಹೋದರು.

ಮಧ್ಯಾಹ್ನ ಬಸ್ಸು ಹತ್ತಿ ಮರಿಯಮ್ಮನಹಳ್ಳಿಯಲ್ಲಿರುವ ಅಕ್ಕನ ಬಳಿಗೆ ಹೋದೆ. ಓದು ಬಾರದ ಅವಳಿಗೆ ಮನೆಮುಂದಿನ ಕಟ್ಟೆಯ ಮೇಲೆ ಕುಳಿತು ನನ್ನ ಬರಹವನ್ನು ನಾನೇ ಓದಿ ಹೇಳಿದೆ. ತಲೆಯಾಡಿಸುತ್ತ ಕೇಳಿದಳು.

“ಮ್ಯಾಲೆ ದಪ್ಪಕ್ಷರದಾಗ ಏನಂತ ಬರದಾರಲೇ ತಮ್ಮ?”

“ಕಥಿ ಅಂತ.”

ಅಕ್ಕ ಆ ದಪ್ಪಕ್ಷರದ ಮೇಲೆ ಬೆರಳಿಟ್ಟಳು. “ಹಂಗಾರ ಅವ್ವ ಅತ್ತಿದ್ದೂ ಕಥಿ ಆತೇನೋ?”

ಸಂಚಿಕೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ವಾದಿಸುವ ಚಟ ಆ ಕಟ್ಟೆಯ ಮೇಲೇ ಮುಗಿಯಿತು.

ಓದುಗರೇ, ನನ್ನನ್ನು ನಂಬಬೇಕಾಗಿಲ್ಲ. ನನ್ನದೀಗ ಬಹುಮಾನ ಪಡೆದ ಕಥೆ. ಅಕ್ಕ ಇನ್ನೂ ಇದ್ದಾಳೆ. ಮುಳುಗಿದ ಊರಿನಿಂದ ಬಂದ ಮುದುಕಿಯೆಂದರೆ ಅಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ಎಡಗಿವಿ ಕೇಳಿಸದು, ಬಲಗಡೆ ಕುಳಿತು ಕೇಳಿ. ಅವಳು ಹೇಳಿ ಮುಗಿಸಿದ ಮೇಲೆ, ದಯವಿಟ್ಟು, ಬಹಳ ಚೆನ್ನಾಗಿದೆ ಎನ್ನಬೇಡಿ.