ಜಗಳಗಂಟರಿಗೆ ನಾನು ಮಾಡಿಸಿದ ರಾಜಿ

ಹಾಲು ಉಕ್ಕಿ ಸೀದ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಅದು ಬಂದಾಗ ನನಗೆ ನೆನಪಾದದ್ದು ಒಂದು ಪ್ರೇಮಪ್ರಕರಣ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ನಾನು ಹೆಡ್ ಕ್ಲರ್ಕ್ ಆಗಿದ್ದಾಗ ಸಂಜೆಯ ಚಹಾಕ್ಕಿಟ್ಟ ಹಾಲು ಉಕ್ಕದೆ ಇಳಿದ ದಿನವೇ ಇಲ್ಲ. ಸವಿತಾ, ಧನಂಜಯರ ಜಗಳ ನೋಡುತ್ತ ನಿಂತವರಿಗೆ ಹಾಲಿನ ಕಡೆ ಗಮನ ಎಲ್ಲಿಂದ ಬರಬೇಕು ಹೇಳಿ!

ಸವಿತಾ ಕುಶಾಲನಗರದ ಕಡೆಯ ಹುಡುಗಿ. ತಾತನ ಕಾಲಕ್ಕೆ ಹಾಸನದಿಂದ ಬಂದು ನೆಲೆಸಿದ ಮನೆತನ. ಆಫೀಸಿನ ಕಂಪ್ಯೂಟರು ಅವಳ ಸುಪರ್ದಿ. ಧನಂಜಯ ಎಸ್ಟೇಟಿನ ರೈಟರ್, ಅಂದರೆ ಹಗಲೆಲ್ಲ ತೋಟದ ಕೆಲಸ ನೋಡಿಕೊಂಡು, ಕೊಯ್ದ ಹಣ್ಣಿನ ತೂಕವನ್ನು ಸಂಜೆ ಅವಳಿಗೆ ಒಪ್ಪಿಸುವವನು. ಒಪ್ಪಿಸಿದ ಕೂಡಲೇ ಶುರು.

"ಇದೇನ್ ಅಕ್ಷರ ರೈಟ್ರೇ? ಕೋಳಿ ಕೆದಕ್ದಂಗೈತೆ!"

"ಓದ್ಲಿಕ್ಕೆ ಬರದಿದ್ರೆ ಪುನಃ ಶಾಲೆಗೆ ಸೇರಿ ಮಾರಾಯ್ತಿ."

ನನಗೋ ಇಬ್ಬರ ನಡುವೆ ತಲೆಹಾಕಿ ರಾಜಿ ಮಾಡಿಸುವ ಚಟ. ಒಟ್ಟಿಗೆ ಓಡಾಡಿದರೆ ಹೊಂದಿಕೊಂಡಾರು ಎಂದು, ಆಫೀಸಿನ ಸಾಮಾನು ತರಲು ಇಬ್ಬರನ್ನೂ ಮಡಿಕೇರಿಗೆ ಕಳಿಸತೊಡಗಿದೆ. ಮುಖ ಊದಿಸಿಕೊಂಡೇ ಹೋಗುತ್ತಿದ್ದರು, ಊದಿಸಿಕೊಂಡೇ ಬರುತ್ತಿದ್ದರು. ಪ್ರತಿಸಲವೂ ಏನೋ ಒಂದು ಸಾಮಾನು ಮರೆತಿರುತ್ತಿದ್ದರು. ಮರುವಾರ ಮತ್ತೆ ಕಳಿಸುತ್ತಿದ್ದೆ.

ಕೊನೆಗೆ ಸೋತು, ನಮ್ಮ ಮ್ಯಾನೇಜರ್ ಬೋಪಯ್ಯನವರಿಗೆ ದೂರು ಕೊಟ್ಟೆ. ಅವರು ಧನಂಜಯನನ್ನು ಸುಂಟಿಕೊಪ್ಪದ ಕಡೆಯ ಇನ್ನೊಂದು ಎಸ್ಟೇಟಿಗೆ ಹಾಕಿದರು. ಶುಭಸುದ್ದಿ ಹೇಳಲು ಸವಿತಾಳ ಬಳಿಗೆ ನಾನೇ ಓಡಿದೆ.

"ನಿನ್ನ ಪೀಡೆ ತೊಲಗಿತು ನೋಡಮ್ಮ. ಸೋಮವಾರದಿಂದ ಅವನು ಇಲ್ಲಿರೋದಿಲ್ಲ."

ಅವಳ ಮುಖ ಬಿಳಿಚಿತು. ಕಣ್ಣಲ್ಲಿ ನೀರು. "ಸಾರ್, ಆ ಪೀಡೆನೇ ನಾನು ಮದ್ವೆ ಆಗ್ಬೇಕು ಅಂತಿರೋದು."

"ಮತ್ತೆ ಈ ಜಗಳ?"

"ನಗ್ತಾ ಮಾತಾಡಿದ್ರೆ ಮನೆ ತಂಕ ಸುದ್ದಿ ಹೋಗಕಿಲ್ವಾ? ನಮ್ಮಪ್ಪ ಬೇರೆ ಗಂಡು ನೋಡ್ತಾವ್ರೆ. ಕೆಲ್ಸ ಬಿಡ್ಸಿ ಕರ್ಕೊಂಡ್ ಹೋಯ್ತಾರೆ."

ಕಿವಿ ಬಿಸಿಯಾಗಿ ಮತ್ತೆ ಬೋಪಯ್ಯನವರ ಮುಂದೆ ನಿಂತೆ. ಅವರು ಕನ್ನಡಕ ತೆಗೆದಿಟ್ಟು ನಕ್ಕರು.

"ಎಂಥ ಮಾರ್ರೆ ನೀವು! ಕೂಲಿ ಲೈನಿನ ಮನೆಗಳ ಮಕ್ಕಳಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದೇ ನೀವು ಅವರನ್ನು ಮಡಿಕೇರಿಗೆ ಕಳಿಸ್ತಿದ್ದೀರಿ ಅಂತ ನಾನು ಮೆಚ್ಚಿಕೊಂಡಿದ್ದೆ. ದೂರು ಕೊಟ್ಟಿರಲ್ಲ, ಅವರಿಬ್ಬರದು ನಿಜವಾಗಿ ಮುರಿದುಬಿತ್ತು ಅಂದ್ಕೊಂಡೆ."

ವರ್ಗ ರದ್ದಾಯಿತು. ಆದರೆ ಹುಡುಗಿಯ ತಂದೆಯನ್ನು ಒಪ್ಪಿಸುವ ಹೊಣೆ ನನ್ನ ತಲೆಗೆ ಬಿತ್ತು. ಅವರ ಊರಿಗೆ ಹೋದರೆ, ಶುಂಠಿ ಗದ್ದೆಯ ಬದುವಿನ ಮೇಲೆಯೇ ಆತ ನನ್ನನ್ನು ನಿಲ್ಲಿಸಿಕೊಂಡರು.

"ಹುಡ್ಗ ಎಂಗೆ?"

ಸಿದ್ಧ ಮಾಡಿಕೊಂಡಿದ್ದ ಭಾಷಣ ಮರೆತೇ ಹೋಯಿತು. "ದಿನಾ ನಿಮ್ಮ ಮಗಳ ಜೊತೆ ಜಗಳ ಆಡ್ತಾನೆ. ಒಂದು ದಿನವೂ ಮರ್ಯಾದೆ ತಪ್ಪಿ ಮಾತಾಡಿದವನಲ್ಲ," ಎಂದುಬಿಟ್ಟೆ.

ಆತ ಗುದ್ದಲಿಗೆ ಮೆತ್ತಿದ ಮಣ್ಣನ್ನು ಬದುವಿಗೆ ಬಡಿದು ಉದುರಿಸಿದರು. ಆಮೇಲೆ ಅಂದರು: "ಅವ್ಳು ಸುಮ್ಕಿರೋಳಲ್ಲ ಬುಡಿ. ಕರ್ಕಂಬನ್ನಿ, ನೋಡಾಣ."

ಮದುವೆಯಾಯಿತು. ಆಮೇಲೆ ಆ ಆಫೀಸು ಅದೆಷ್ಟು ಶಾಂತವಾಯಿತು ಅಂತೀರಿ, ಬೇಸರ ಹಿಡಿಸುವಷ್ಟು!

ನಮ್ಮ ಮನೆಯಲ್ಲಿ ಜಗಳವೇ ಇಲ್ಲವೆಂದು ಇಷ್ಟು ವರ್ಷ ಕಂಡಕಂಡವರ ಮುಂದೆ ಕೊಚ್ಚಿಕೊಂಡವನು ನಾನು. ಇವತ್ತು ಯಾಕೋ ಅದು ಹೆಮ್ಮೆಯ ಸಂಗತಿ ಅನ್ನಿಸಲಿಲ್ಲ. ಎದ್ದು ಒಳಗೆ ಹೋಗಿ, "ನಿನ್ನ ಉಪ್ಪಿಟ್ಟಿಗೆ ಉಪ್ಪೇ ಇಲ್ಲ," ಎಂದೆ.

ಹೆಂಡತಿ ಸೌಟು ಹಿಡಿದೇ ತಿರುಗಿದಳು. "ನಾನಿನ್ನೂ ರವೆ ಹುರೀತಿದ್ದೇನೆ," ಎಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಂತ, ಇವತ್ತು ಇಷ್ಟೊಂದು ಪ್ರೀತಿ?"